ನನ್ನನ್ನು ‘ಬೊಲುದಾ’ ಎಂದ ದಿನ

ಬ್ಯೂನಸ್ ಐರಿಸ್‌ನ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ನಾಲ್ಕನೆಯ ದಿನ ಸಹೋದ್ಯೋಗಿಯೊಬ್ಬಳು ಎಲ್ಲರೆದುರಿಗೇ ನನ್ನನ್ನು ಬೈದಳು. ಬೈದಳೆಂದೇ ನಾನು ತಿಳಿದೆ. ಅಲ್ಲಿ ಮಧ್ಯಾಹ್ನದ ಹೊತ್ತು ‘ಮಾತೆ’ ಎಂಬ ಪಾನೀಯದ ಸುತ್ತು ನಡೆಯುತ್ತದೆ. ಪುಟ್ಟ ಸೋರೆಬುರುಡೆಗೆ ಎರ್ಬಾ ಎಂಬ ಒಣಸೊಪ್ಪನ್ನು ತುಂಬಿ, ಬಿಸಿನೀರು ಹೊಯ್ದು, ಒಂದೇ ಲೋಹದ ಕೊಳವೆಯಿಂದ ಒಬ್ಬರಾದ ಮೇಲೊಬ್ಬರು ಹೀರುತ್ತಾರೆ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮಂಡ್ಯದ ಮನೆಯಲ್ಲಿ ಬೆಳೆದ ನನಗೆ ಆ ಎಂಜಲು ಕೊಳವೆಯನ್ನು ಬಾಯಿಗಿಟ್ಟುಕೊಳ್ಳುವುದೇ ಒಂದು ಸಾಹಸವಾಗಿತ್ತು. ಧೈರ್ಯ ಮಾಡಿ ಹೀರಿದೆ. ನೀರು ಮೇಲೆ ಬರಲಿಲ್ಲವೆಂದು ಕೊಳವೆಯಿಂದಲೇ ಸೊಪ್ಪನ್ನು ಕಲಕಿದೆ. ಕೊಳವೆಯನ್ನು ಅಲುಗಾಡಿಸುವುದು ಅಲ್ಲಿ ಮಹಾಪರಾಧವೆಂದು ನನಗೆ ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿದ್ದವಳು ಥಟ್ಟನೆ ನನ್ನ ಕೈ ಹಿಡಿದು, “ನೋ, ಬೊಲುದಾ, ಅಸೀ ನೋ” ಎಂದಳು. ‘ಹಾಗಲ್ಲ ಕಣೇ’ ಎಂಬಷ್ಟೇ ಅದರ ಭಾವ. ಆದರೆ ಬೆಂಗಳೂರಿನಲ್ಲಿ ಸ್ಪೇನ್ ದೇಶದ ಪಠ್ಯಪುಸ್ತಕ ಹಿಡಿದು ಸ್ಪ್ಯಾನಿಷ್ ಕಲಿತಿದ್ದ ನಾನು ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ನಿಘಂಟು ತೆರೆದೆ. ‘ಮೂರ್ಖ, ದಡ್ಡ’ ಎಂದಿತ್ತು. ಕೆಳಗೆ, ಪದ ಹುಟ್ಟಿದ ಬಗೆಯನ್ನು ತಿಳಿಸುವ ಸಾಲಿನಲ್ಲಿ, ಅದಕ್ಕಿಂತ ಘೋರವಾದದ್ದಿತ್ತು.

ಈ ಬರಹವನ್ನು ನಮ್ಮ ಮಾವನವರೂ ಓದುತ್ತಾರಾದ್ದರಿಂದ ಆದಷ್ಟು ಮರ್ಯಾದೆಯಿಂದಲೇ ಹೇಳುತ್ತೇನೆ. ‘ಬೊಲಾಸ್’ ಎಂದರೆ ಚೆಂಡುಗಳು, ಆಡುಮಾತಿನಲ್ಲಿ ಗಂಡಸಿನ ವೃಷಣಗಳು. ಅವು ದೊಡ್ಡದಾಗಿರುವವನು ‘ಬೊಲುದೊ’, ಅಲ್ಲಿಂದ ಮುಂದುವರಿದು ಮಂದಮತಿ, ದಡ್ಡ. ಇದರ ಸ್ತ್ರೀಲಿಂಗವೇ ‘ಬೊಲುದಾ’. ಮೂಲಾರ್ಥವನ್ನು ಹಿಡಿದು ಹೊರಟರೆ ಇಂಥ ಪದಕ್ಕೆ ಸ್ತ್ರೀಲಿಂಗವಿರುವುದೇ ಅಸಂಬದ್ಧ. ಆದರೂ ಆ ಊರಿನ ಗೆಳತಿಯರು ದಿನಕ್ಕೆ ನೂರು ಬಾರಿ ಒಬ್ಬರನ್ನೊಬ್ಬರು ಹಾಗೆ ಕರೆದುಕೊಳ್ಳುತ್ತಾರೆಂದರೆ ಪದದೊಳಗಿನ ಅಂಗ ಎಂದೋ ಉದುರಿಹೋಗಿದೆ, ಉಳಿದಿರುವುದು ಬರೀ ಸಲುಗೆ ಎಂದು ತಿಳಿಯಬೇಕು. ಸ್ಪೇನ್ ಸೈನ್ಯದ ವಿರುದ್ಧ ಹೋರಾಡಿದ ಗೌಚೊ ದನಗಾಹಿಗಳು ಕಲ್ಲಿನ ಗುಂಡುಗಳನ್ನು ಹಿಡಿದು ಸಾಲುಗಟ್ಟಿ ನಿಲ್ಲುತ್ತಿದ್ದರು, ಅದರಿಂದಲೇ ಈ ಪದ ಬಂತು ಎಂಬ ವೀರಗಾಥೆಯೊಂದು ಅಲ್ಲಿನ ವಾಟ್ಸ್‌ಆ್ಯಪ್‌ಗಳಲ್ಲಿ ಓಡಾಡುತ್ತಿರುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬೈಗುಳಕ್ಕೂ ಒಂದು ಸ್ವಾತಂತ್ರ್ಯ ಸಂಗ್ರಾಮ ಹುಡುಕಿಕೊಡುವ ಉತ್ಸಾಹಿಗಳು ಎಲ್ಲ ದೇಶಗಳಲ್ಲೂ ಇರುತ್ತಾರೆ.

ಪದದ ವಿಷ ಪೂರ್ತಿ ಇಳಿದುಹೋಗಿದೆ ಎಂದು ನಂಬಿ ನಾನು ಕೆಟ್ಟೆ. ಕಚೇರಿಯಲ್ಲಿ ‘ಬೊಲುದಾ’ ಆಗಿ ಎರಡು ತಿಂಗಳಾಗಿತ್ತು. ನಾನೂ ಈ ಊರಿನವಳಾದೆನೆಂಬ ಹುಮ್ಮಸ್ಸಿನಲ್ಲಿದ್ದೆ. ಮನೆಯ ಕೆಳಗಿನ ತರಕಾರಿ ಅಂಗಡಿಯ ಯಜಮಾನರು ಎಪ್ಪತ್ತರ ಆಸುಪಾಸಿನವರು, ಟೊಮೆಟೊ ಆರಿಸುವಾಗ ‘ಇವತ್ತಿಗೋ, ನಾಳೆಗೋ’ ಎಂದು ಕೇಳಿ ಅದಕ್ಕೆ ತಕ್ಕ ಹಣ್ಣು ಕೊಡುತ್ತಿದ್ದ ಸಜ್ಜನರು. ಒಂದು ಸಂಜೆ ಅವರು ಕೊತ್ತಂಬರಿ ಕಟ್ಟೊಂದನ್ನು ಪುಕ್ಕಟೆಯಾಗಿ ಚೀಲಕ್ಕೆ ಹಾಕಿದಾಗ, ಸಂತೋಷ ತಡೆಯದೆ, “ಗ್ರಾಸಿಯಾಸ್, ಬೊಲುದೊ” ಎಂದೆ. ತಕ್ಕಡಿಯ ಮೇಲಿದ್ದ ಅವರ ಕೈ ನಿಂತಿತು. ಅವರು ಬೈಯಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ಅದುವರೆಗೆ ನನ್ನನ್ನು ‘ವೋಸ್’ ಎಂದು ಏಕವಚನದಲ್ಲಿ ಮಾತನಾಡಿಸುತ್ತಿದ್ದವರು, “ಉಸ್ತೆದ್‌ಗೆ ಇನ್ನೇನಾದರೂ ಬೇಕೇ, ಸೆನ್ಯೋರಾ?” ಎಂದು ಬಹುವಚನಕ್ಕೆ ಹೋದರು. ಸಿಟ್ಟು ಬಂದಾಗ ನಮ್ಮ ಅಮ್ಮ ಇದ್ದಕ್ಕಿದ್ದಂತೆ ‘ತಾವು ಊಟಕ್ಕೆ ಏಳುತ್ತೀರೋ?’ ಎನ್ನುತ್ತಿದ್ದಳಲ್ಲ, ಆ ತಣ್ಣನೆಯ ಮರ್ಯಾದೆ ಇಷ್ಟು ದೂರಕ್ಕೆ ನನ್ನನ್ನು ಹುಡುಕಿಕೊಂಡು ಬಂದಂತಾಯಿತು.

ಅಂದಿನಿಂದ ನನ್ನ ತಲೆಯಲ್ಲಿ ಕೂತ ವಿಚಾರ ಇದು. ಬೈಗುಳ ಮುದ್ದಿನ ಮಾತಾಗುವುದು ಅದರೊಳಗಿನ ಬೈಗುಳ ಸತ್ತಾಗಲ್ಲ. ಸತ್ತಿದ್ದರೆ ಅದು ‘ಅಣ್ಣ’, ‘ಗೆಳೆಯ’ ಎಂಬಂಥ ಸಪ್ಪೆ ಮಾತಾಗುತ್ತಿತ್ತು. ಅದು ಒಳಗೆ ಬದುಕಿದ್ದೂ ಕಚ್ಚದೆ ಇರುವುದರಲ್ಲೇ ಸುಖವಿದೆ. ‘ನಿನಗೆ ಇಂಥ ಮಾತು ಹೇಳಿದರೂ ನೀನು ಬೇಸರಿಸುವುದಿಲ್ಲ ಎಂದು ನನಗೆ ಗೊತ್ತು, ನನಗೆ ಗೊತ್ತಿದೆಯೆಂದು ನಿನಗೂ ಗೊತ್ತು’ ಎಂಬ ಒಪ್ಪಂದವನ್ನು ಆ ಪದ ಪ್ರತಿ ಬಾರಿಯೂ ಹೊಸದಾಗಿ ರುಜು ಮಾಡಿಸುತ್ತದೆ. ತರಕಾರಿ ಅಂಗಡಿಯವರೊಂದಿಗೆ ನನಗೆ ಅಂಥ ಒಪ್ಪಂದವಿರಲಿಲ್ಲ. ಕೊತ್ತಂಬರಿಯ ಒಪ್ಪಂದವಷ್ಟೇ ಇತ್ತು.

ಅರ್ಜೆಂಟೀನಾದವರಿಗೆ ಈ ಪದದ ಮೇಲಿರುವ ಅಭಿಮಾನ ಸಣ್ಣದಲ್ಲ. 2013ರಲ್ಲಿ ಪನಾಮಾದಲ್ಲಿ ಸ್ಪ್ಯಾನಿಷ್ ಭಾಷೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಸ್ಪೇನಿನ ಎಲ್ ಪಾಯೀಸ್ ಪತ್ರಿಕೆ ಒಂದೊಂದು ದೇಶದ ಲೇಖಕರಿಂದ ಆ ದೇಶವನ್ನು ಪ್ರತಿನಿಧಿಸುವ ಒಂದೊಂದು ಪದವನ್ನು ಕೇಳಿ ಪಡೆಯಿತು. ಅರ್ಜೆಂಟೀನಾದ ಪರವಾಗಿ ಕವಿ ಹುವಾನ್ ಹೆಲ್‌ಮನ್ ಆರಿಸಿದ್ದು ‘ಬೊಲುದೊ’. ಹೆಲ್‌ಮನ್ ಹಗುರವಾದ ಮನುಷ್ಯರಲ್ಲ. ಅವರ ಮಗನನ್ನೂ ಗರ್ಭಿಣಿ ಸೊಸೆಯನ್ನೂ 1976ರಲ್ಲಿ ಸೇನಾ ಸರ್ಕಾರ ಹೊತ್ತೊಯ್ದಿತ್ತು; ಇಬ್ಬರೂ ಕೊಲೆಯಾದರು. ದೇಶಭ್ರಷ್ಟರಾಗಿ ಬದುಕಿ, ಕೊನೆಯ ವರ್ಷಗಳನ್ನು ಮೆಕ್ಸಿಕೊದಲ್ಲಿ ಕಳೆದವರು. 2007ರಲ್ಲಿ ಸ್ಪ್ಯಾನಿಷ್ ಸಾಹಿತ್ಯದ ಅತಿ ದೊಡ್ಡ ಗೌರವವಾದ ಸೆರ್ವಾಂಟೆಸ್ ಪ್ರಶಸ್ತಿ ಪಡೆದವರು. ಆ ಪದ ದಡ್ಡನೆಂದೂ ಸೂಚಿಸುತ್ತದೆ, ಆದರೆ ಈಚೆಗೆ ಗೆಳೆಯರ ನಡುವೆ ಆಪ್ತತೆಯ ಗುರುತಾಗಿಯೂ ಬಳಕೆಯಾಗುತ್ತಿರುವುದು ತಮಗೆ ಅಚ್ಚರಿಯುಂಟುಮಾಡಿದೆ ಎಂಬುದು ಅವರು ಕೊಟ್ಟ ಕಾರಣದ ಸಾರ. ಆ ಅಚ್ಚರಿ ನನಗೆ ಅರ್ಥವಾಗುತ್ತದೆ. ಊರಿನಲ್ಲೇ ಇದ್ದವರಿಗೆ ಪದವೊಂದು ಮೃದುವಾಗುವುದು ಕಾಣುವುದಿಲ್ಲ, ದಿನದಿನವೂ ನೋಡುವ ಮಗು ಬೆಳೆದದ್ದು ತಿಳಿಯದ ಹಾಗೆ. ದೂರ ಹೋಗಿ ವರ್ಷಗಟ್ಟಲೆ ಬಿಟ್ಟು ಬಂದವರ ಕಿವಿಗೇ ಅದು ಬೀಳುವುದು.

ಅದೇ ಸರಣಿಯ ಸಮ್ಮೇಳನ 2004ರಲ್ಲಿ ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ನಡೆದಾಗ, ಅಲ್ಲಿಯವರೇ ಆದ ವ್ಯಂಗ್ಯಚಿತ್ರಕಾರ ರೊಬೆರ್ತೊ ಫೊಂತಾನರೋಸಾ ವಿದ್ವಾಂಸರ ಎದುರು ನಿಂತು ಕೆಟ್ಟ ಮಾತುಗಳಿಗೆ ಕ್ಷಮಾದಾನ ಕೊಡಬೇಕೆಂದು ಮನವಿ ಸಲ್ಲಿಸಿದ್ದರು. ಬೊಲುದೊ ಪದಕ್ಕೆ ‘ಪೆಲೊತುದೊ’ ಎಂಬ ಸೋದರನಿದ್ದಾನೆ, ಅರ್ಥವೂ ಅದೇ. ಆ ಪದದ ಬಲವೆಲ್ಲ ನಡುವಿನ ‘ತ’ಕಾರದಲ್ಲಿದೆ ಎಂದು ಅವರು ವಿವರಿಸಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ನಗೆಯ ಹಿಂದೆ ನಿಜವಿದೆ. ಇಂದಿಗೂ ಬ್ಯೂನಸ್ ಐರಿಸ್‌ನಲ್ಲಿ ಮುದ್ದು ಮಾಡುವಾಗ ‘ಬೊಲುದೊ’, ನಿಜವಾಗಿ ಸಿಟ್ಟು ಬಂದಾಗ ‘ಪೆಲೊತುದೊ’ ಎನ್ನುವುದೇ ಹೆಚ್ಚು. ಒಂದು ಬೈಗುಳ ಸಾಧುವಾದರೆ ಅದರ ಕೆಲಸಕ್ಕೆ ಇನ್ನೊಂದು ಬೈಗುಳ ಬೇಕಾಗುತ್ತದೆ; ಚಿಲಿಯಲ್ಲಿ ‘ವೆಯೋನ್’ ಎಂಬುದು ಗೆಳೆಯನಿಗೂ ದಾರಿಹೋಕನಿಗೂ ಸಲ್ಲುವ ಮಾತಾದ ಮೇಲೆ, ಬೈಯುವುದಕ್ಕೆಂದು ‘ಅವೆಯೊನಾವೊ’ ಎಂಬ ಉದ್ದನೆಯ ರೂಪ ಕೈಗೆಟುಕುವಂತೆ ಇರುವುದೂ ಹೀಗೆಯೇ.

ಗಡಿ ದಾಟಿದರೆ ಈ ಒಪ್ಪಂದಗಳೆಲ್ಲ ಅನೂರ್ಜಿತ. ನಮ್ಮ ತಂಡದ ವಾರದ ಕರೆಯಲ್ಲಿ ಬ್ಯೂನಸ್ ಐರಿಸ್, ಚಿಲಿಯ ಸಾಂತಿಯಾಗೊ, ಮೆಕ್ಸಿಕೊ ನಗರ, ಕೊಲಂಬಿಯಾದ ಬೊಗೊತಾ ನಾಲ್ಕೂ ಕಡೆಯವರಿರುತ್ತಿದ್ದರು. ಒಂದು ದಿನ ಸಾಂತಿಯಾಗೊದವನು ಮೆಕ್ಸಿಕೊದವನನ್ನು ಪ್ರೀತಿಯಿಂದಲೇ ‘ವೆಯೋನ್’ ಎಂದು ಕರೆದು ಸಮಾಚಾರ ಕೇಳಿದ. ಚಿಲಿಯ ವೆಯೋನ್ ಮೂಲದಲ್ಲಿ ‘ವೆವೋನ್’, ಅಂದರೆ ದೊಡ್ಡ ಮೊಟ್ಟೆಗಳವನು. ಮೊಟ್ಟೆ ಯಾವುದೆಂದು ಮತ್ತೆ ಹೇಳಬೇಕಾಗಿಲ್ಲ. ಮೆಕ್ಸಿಕೊದಲ್ಲಿ ಅದೇ ಪದಕ್ಕೆ ಮೈಗಳ್ಳನೆಂದು ಅರ್ಥ. ಆ ವಾರ ಮೆಕ್ಸಿಕೊದವನ ಕೆಲಸ ಎರಡು ದಿನ ತಡವಾಗಿತ್ತು. ಅವನು ತಾನು ರಾತ್ರಿ ಎಷ್ಟು ಗಂಟೆಯವರೆಗೆ ಕೂತು ಕೆಲಸ ಮಾಡಿದನೆಂಬ ವಿವರವನ್ನು ಹತ್ತು ನಿಮಿಷ ಒಪ್ಪಿಸಿದ. ಇನ್ನೊಮ್ಮೆ ನಮ್ಮ ಕಚೇರಿಯ ತಂದೆಯೊಬ್ಬರು ‘ನಮ್ಮ ಪೆಂದೆಹೊಗಳನ್ನು ಶಾಲೆಯಿಂದ ಕರೆತರಬೇಕು’ ಎಂದು ಕರೆಯಿಂದ ಎದ್ದುಹೋದಾಗ ಮೆಕ್ಸಿಕೊ ಕಿಟಕಿ ಸ್ತಬ್ಧವಾಯಿತು. ಅರ್ಜೆಂಟೀನಾದಲ್ಲಿ ಪೆಂದೆಹೊ ಎಂದರೆ ಚಿಳ್ಳೆ ಮಕ್ಕಳು. ಮೆಕ್ಸಿಕೊದಲ್ಲಿ ಶತದಡ್ಡ, ಅದೂ ಕೈಕೈ ಮಿಲಾಯಿಸುವಷ್ಟು ಬಿರುಸಿನ ಬೈಗುಳ. ಪೆರುವಿನಲ್ಲಿ ಅದಕ್ಕೆ ತದ್ವಿರುದ್ಧವಾಗಿ ಚಾಲಾಕಿ, ಪಾಕಡಾ. ಮೂಲದಲ್ಲಿ ಅದು ಗುಹ್ಯರೋಮದ ಹೆಸರು ಎಂಬುದನ್ನು ಆ ತಂದೆ ನೆನೆದಿರಲಾರರು. ಆದರೆ ಅದೇ ಮೆಕ್ಸಿಕೊದವರು ಗಂಡು ಹೆಣ್ಣೆಂಬ ಭೇದವಿಲ್ಲದೆ ಒಬ್ಬರನ್ನೊಬ್ಬರು ಮಾತುಮಾತಿಗೆ ‘ವೆಯ್’ ಎನ್ನುತ್ತಾರೆ. ವೆಯ್ ಎಂಬುದು ‘ಬ್ವೆಯ್’ನಿಂದ ಬಂದದ್ದು, ಅಂದರೆ ಬೀಜ ಒಡೆದ ಎತ್ತು. ಬಸವನಿಗೆ ಕೈಮುಗಿಯುವ ನಾಡಿನಿಂದ ಬಂದ ನನಗೆ ಎತ್ತು ಎನಿಸಿಕೊಳ್ಳುವುದರಲ್ಲಿ ಅವಮಾನವೇನೆಂದು ಹೊಳೆಯಲೇ ಇಲ್ಲ.

ಇದೆಲ್ಲ ಇಪ್ಪತ್ತನೆಯ ಶತಮಾನದ ಪೋಲಿ ಹುಡುಗರು ಕೆಡಿಸಿದ ಭಾಷೆಯೆಂದು ಹಿರಿಯರು ಅಲ್ಲಿಯೂ ಗೊಣಗುವುದುಂಟು. ಅವರಿಗೆ ಸೆರ್ವಾಂಟೆಸ್ ಬರೆದ ‘ಡಾನ್ ಕಿಹೋಟೆ’ ಕಾದಂಬರಿಯ 1615ರ ಎರಡನೆಯ ಭಾಗ, ಹದಿಮೂರನೆಯ ಅಧ್ಯಾಯವನ್ನು ತೋರಿಸಬೇಕು. ರಾತ್ರಿ, ಕಾಡು, ಇಬ್ಬರು ಸೇವಕರು ಹರಟುತ್ತಿದ್ದಾರೆ. ಕಥಾನಾಯಕನ ಸೇವಕ ಸ್ಯಾಂಚೊ ಪಾಂಜಾ ತನ್ನ ಮಗಳ ಎತ್ತರ, ಕಸುವುಗಳನ್ನು ಕೊಂಡಾಡಿದಾಗ ಇನ್ನೊಬ್ಬ ಸೇವಕ ‘ಇದೆಪೂತ, ಎಂಥ ಗಟ್ಟಿ ಹುಡುಗಿ!’ ಎಂಬರ್ಥದಲ್ಲಿ ಉದ್ಗರಿಸುತ್ತಾನೆ. ಇದೆಪೂತ ಎಂದರೆ ಸೂಳೆಮಗ ಎಂಬುದರ ಹಳೆಯ ರೂಪ. ಸ್ಯಾಂಚೊ ಕೆರಳುತ್ತಾನೆ: ಅವಳೂ ಅಂಥವಳಲ್ಲ, ಅವಳ ತಾಯಿಯೂ ಅಲ್ಲ. ಆಗ ಆ ಸೇವಕ, ಗೂಳಿ ಕಾಳಗದಲ್ಲಿ ಯಾರಾದರೂ ಒಳ್ಳೆಯ ಏಟು ಹಾಕಿದಾಗ ಜನ ಇದೇ ಮಾತಿನಿಂದ ಹೊಗಳುವುದಿಲ್ಲವೇ, ಬೈದಂತೆ ಕಂಡದ್ದು ದೊಡ್ಡ ಹೊಗಳಿಕೆಯೇ ಅಲ್ಲವೇ ಎಂದು ಪಾಠ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ದ್ರಾಕ್ಷಾರಸದ ಚರ್ಮದ ಚೀಲ ಸ್ಯಾಂಚೊನ ಕೈಗೆ ಬರುತ್ತದೆ. ಕಾಲು ಗಂಟೆ ನಕ್ಷತ್ರ ನೋಡುತ್ತಾ ಕುಡಿದು, ತಲೆಯನ್ನು ಒಂದು ಬದಿಗೆ ಚೆಲ್ಲಿ, ನಿಟ್ಟುಸಿರಿಟ್ಟು ಅವನು ಆಡುವ ಮೊದಲ ಮಾತೇ ‘ಇದೆಪೂತ’! ನಾಲ್ಕು ಶತಮಾನಗಳ ಹಿಂದೆಯೇ ಸೆರ್ವಾಂಟೆಸ್ ಈ ವಿಷಯವನ್ನು ಎರಡು ಪುಟಗಳಲ್ಲಿ ಮುಗಿಸಿಬಿಟ್ಟಿದ್ದಾನೆ. ನಾನೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆದರೂ ಸೆರ್ವಾಂಟೆಸ್ ಮುಟ್ಟದ ಒಂದು ಮೂಲೆ ಉಳಿದಿದೆ. ಬೊಲುದೊ, ವೆಯೋನ್, ವೆಯ್ ಇವೆಲ್ಲ ಹೋದ ದಾರಿಯಲ್ಲೇ ತಿರುಗಿ ಬರುವ ಪದಗಳು. ನಾನು ನಿನಗೆ ಅಂದೆ, ನೀನು ನನಗೆ ಅನ್ನು, ಲೆಕ್ಕ ಚುಕ್ತಾ. ತಿರುಗಿ ಬರಲಾರದ ಪದಗಳೂ ಇವೆ. ಬಂದರೂ ಅವುಗಳ ಭಾರವನ್ನು ಮಾತಿನಲ್ಲಿ ಭಾಗಿಯೇ ಆಗದ ಮೂರನೆಯವರು ಹೊರಬೇಕಾಗುತ್ತದೆ. ಬೊಗೊತಾದ ಹುಡುಗ ಹುಡುಗಿಯರು ಪ್ರತಿ ವಾಕ್ಯಕ್ಕೂ ಒಮ್ಮೆ ಹೇಳುವ ‘ಮರಿಕಾ’ ಇಂಥದು. ಮರೀಯಾ ಎಂಬ ಹೆಸರಿನ ಮೊಟಕು ರೂಪವಾಗಿ ಹುಟ್ಟಿ, ಹೆಣ್ಣಿಗನೆಂದು ಹೀಯಾಳಿಸುವ ಪದವಾಗಿ, ಸ್ಪೇನಿನಲ್ಲಿ ಇಂದಿಗೂ ಸಲಿಂಗಿಗಳನ್ನು ಹಳಿಯಲು ಬಳಕೆಯಾಗುವ ಇದು ಕೊಲಂಬಿಯಾದಲ್ಲಿ ‘ಕಣೇ’, ‘ಕಣೋ’ ಎಂಬಷ್ಟು ಸಾಮಾನ್ಯ. ಬೊಗೊತಾದ ನಮ್ಮ ಸಹೋದ್ಯೋಗಿಯೊಬ್ಬ ಸ್ವತಃ ಸಲಿಂಗಿ. ನಿನಗೆ ಇದು ಏನೂ ಅನ್ನಿಸುವುದಿಲ್ಲವೇ ಎಂದು ಕೇಳಿದ್ದೆ. ತಾನೂ ಅದನ್ನು ದಿನವಿಡೀ ಬಳಸುತ್ತೇನೆ ಎಂದ. ಸ್ವಲ್ಪ ತಡೆದು, ಆದರೆ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಆ ಪದ ಕೇಳಿಸಿದಾಗ ಅದು ಯಾವ ಮರಿಕಾ ಎಂದು ತಿಳಿಯುವವರೆಗೆ ಬೆನ್ನು ನೆಟ್ಟಗಾಗುತ್ತದೆ ಎಂದ. ನನಗೆ ನಮ್ಮಜ್ಜಿ ನೆನಪಾದಳು. ನಾವು ಮೊಮ್ಮಕ್ಕಳು ಏನು ತುಂಟತನ ಮಾಡಿದರೂ ಅವಳು ನಗುತ್ತಾ ‘ಮುಂಡೇದೇ’ ಎನ್ನುತ್ತಿದ್ದಳು, ಅದಕ್ಕಿಂತ ಮುದ್ದಾದ ಮಾತನ್ನು ನಾನು ಕೇಳಿಲ್ಲ. ಮುಂಡೆ ಎಂದರೆ ಗಂಡ ಸತ್ತವಳು ಎಂದು ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅವಳು ಇಪ್ಪತ್ತಾರನೆಯ ವಯಸ್ಸಿಗೇ ಮುಂಡೆಯಾದವಳು.

ಈ ಕಾರಣಕ್ಕಾಗಿಯೇ ‘ನೆಗ್ರಿತೊ’ ಪ್ರಕರಣದಲ್ಲಿ ನನಗೆ ಎರಡೂ ಪಕ್ಷಗಳ ಮೇಲೆ ಅಸಮಾಧಾನ. 2020ರ ನವೆಂಬರ್ 29ರಂದು ಸೌತಾಂಪ್ಟನ್ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ ಪರವಾಗಿ ಎರಡು ಗೋಲು ಹೊಡೆದ ಉರುಗ್ವೆಯ ಎದಿನ್ಸನ್ ಕವಾನಿ, ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಂನಲ್ಲಿ ‘ಗ್ರಾಸಿಯಾಸ್ ನೆಗ್ರಿತೊ’ ಎಂದು ಉತ್ತರಿಸಿದರು. ನೆಗ್ರೊ ಎಂದರೆ ಕಪ್ಪು, ‘ಇತೊ’ ಸೇರಿದರೆ ಪುಟ್ಟ ಕಪ್ಪಣ್ಣ. ಉರುಗ್ವೆ, ಅರ್ಜೆಂಟೀನಾಗಳಲ್ಲಿ ಮೈಬಣ್ಣ ಯಾವುದೇ ಇರಲಿ, ಗಂಡನನ್ನು, ಮಗನನ್ನು, ಗೆಳೆಯನನ್ನು ಹೀಗೆ ಕರೆಯುತ್ತಾರೆ. ಗಾಯಕಿ ಮೆರ್ಸೆದೆಸ್ ಸೋಸಾ ಇಡೀ ಖಂಡಕ್ಕೆ ‘ಲಾ ನೆಗ್ರಾ’ ಆಗಿದ್ದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮೂರು ಪಂದ್ಯಗಳ ನಿಷೇಧ, ಒಂದು ಲಕ್ಷ ಪೌಂಡ್ ದಂಡ ವಿಧಿಸಿತು. ಉರುಗ್ವೆಯ ಸಾಹಿತ್ಯ ಅಕಾಡೆಮಿ ಇದನ್ನು ಭಾಷೆಯ ಅಜ್ಞಾನವೆಂದು ಖಂಡಿಸಿತು. ಗೆಳೆಯರಿಬ್ಬರ ನಡುವಿನ ಮಾತಿಗೆ ಅಷ್ಟು ದೊಡ್ಡ ಶಿಕ್ಷೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ, ಅಕಾಡೆಮಿಯ ಸಿಟ್ಟು ನ್ಯಾಯವಾದದ್ದೇ. ಆದರೆ ‘ನಮ್ಮಲ್ಲಿ ಇದು ಪ್ರೀತಿಯ ಮಾತು’ ಎಂಬುದು ಅರ್ಧ ಸತ್ಯ. ಉರುಗ್ವೆ, ಅರ್ಜೆಂಟೀನಾಗಳ ನಡುವಿನ ರಿಯೊ ದೆ ಲಾ ಪ್ಲಾತಾ ನದಿಯ ಈಚೆ ದಡದ ಬ್ಯೂನಸ್ ಐರಿಸ್‌ಗೆ 1940ರ ದಶಕದಲ್ಲಿ ಒಳನಾಡಿನಿಂದ ಕೂಲಿಗೆ ಬಂದ ಕಂದುಬಣ್ಣದವರನ್ನು ನಗರದವರು ‘ಕಬೆಸಿತಾ ನೆಗ್ರಾ’, ಕರಿತಲೆ, ಎಂದು ಹೀಯಾಳಿಸಿದರು. ಅದು ಒಂದು ಪುಟ್ಟ ಹಕ್ಕಿಯ ಹೆಸರು. ಬಡವರ ಮೇಲೆ ಉಗಿಯಲು ಇಂದಿಗೂ ಅಲ್ಲಿ ಮೊದಲು ಬಾಯಿಗೆ ಬರುವ ಪದ ನೆಗ್ರೊ. ಅಂದಿನ ಅಧ್ಯಕ್ಷರ ಪತ್ನಿ ಇವಾ ಪೆರೋನ್ ಇಂಥ ಬೈಗುಳಗಳನ್ನು ಎತ್ತಿಕೊಂಡು ಮುದ್ದು ಮಾಡಬಲ್ಲವರಾಗಿದ್ದರು. ಬಡವರನ್ನು ಜಿಡ್ಡು ಎಂದು ಬೈಯುವ ‘ಗ್ರಾಸಾ’ ಪದಕ್ಕೆ ಅದೇ ‘ಇತಾ’ ಪ್ರತ್ಯಯ ಹಚ್ಚಿ ‘ನನ್ನ ಗ್ರಾಸಿತಾಗಳು’ ಎಂದರು, ಜನ ಕಣ್ಣೀರಿಟ್ಟರು. ಅವರು ತಾವೇ ಒಳನಾಡಿನ ಬಡ ಮನೆಯಿಂದ ಬಂದವರಾದ್ದರಿಂದ ಅದು ನಡೆಯಿತು.

ಕವಾನಿ ಪ್ರಕರಣಕ್ಕೆ ಒಂಬತ್ತು ವರ್ಷ ಹಿಂದೆ, 2011ರ ಅಕ್ಟೋಬರಿನಲ್ಲಿ, ಉರುಗ್ವೆಯವರೇ ಆದ ಲೂಯಿಸ್ ಸುವಾರೆಸ್ ಫ್ರಾನ್ಸಿನ ಕಪ್ಪು ಆಟಗಾರ ಪ್ಯಾಟ್ರಿಸ್ ಎವ್ರಾರನ್ನು ಪಂದ್ಯದ ನಡುವಿನ ಜಗಳದಲ್ಲಿ ‘ನೆಗ್ರೊ’ ಎಂದದ್ದಕ್ಕೂ ಇದೇ ಸಮರ್ಥನೆ ಬಂದಿತ್ತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ತಜ್ಞರ ಅಭಿಪ್ರಾಯ ಪಡೆದು 115 ಪುಟಗಳ ತೀರ್ಪು ಬರೆದ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಸಮಿತಿ ಎಂಟು ಪಂದ್ಯಗಳ ನಿಷೇಧ, 40 ಸಾವಿರ ಪೌಂಡ್ ದಂಡ ಹಾಕಿತು. ಅಲ್ಲಿ ನನಗೆ ತೀರ್ಪಿನ ಬಗ್ಗೆ ತಕರಾರಿಲ್ಲ. ಕಾಲು ಕೆರೆದು ಜಗಳಕ್ಕೆ ನಿಂತ ಇಬ್ಬರ ನಡುವೆ ಮುದ್ದಿನ ಮಾತು ಎಲ್ಲಿಂದ ಬರಬೇಕು?

ಆಂಡಿಸ್ ಬೆಟ್ಟಸೀಮೆಯ ಮೂಲನಿವಾಸಿ ಅಥವಾ ಮಿಶ್ರ ಕುಲದವರನ್ನು ಕರೆಯುವ ‘ಚೊಲೊ’ ಎಂಬ ಪದದ ಕಥೆ ಇನ್ನೂ ಹಳೆಯದು. ಪೆರುವಿನ ಇಂಕಾ ರಾಜವಂಶದ ತಾಯಿ, ಸ್ಪೇನಿನ ತಂದೆಗೆ ಹುಟ್ಟಿದ ಲೇಖಕ ಇಂಕಾ ಗಾರ್ಸಿಲಾಸೊ 1609ರಷ್ಟು ಹಿಂದೆಯೇ ಇದನ್ನು ದಾಖಲಿಸಿದ್ದಾನೆ: ಅದು ಕೆರಿಬಿಯನ್ ದ್ವೀಪಗಳ ಕಡೆಯ ಪದ, ನಾಯಿ ಎಂದು ಅರ್ಥ, ಅದೂ ಜಾತಿನಾಯಿಯಲ್ಲ, ಕಂತ್ರಿ, ಸ್ಪೇನಿನವರು ಅವಮಾನ ಮಾಡಲು ಬಳಸುತ್ತಾರೆ. ಇದೇ ಪದವನ್ನು 2001ರಲ್ಲಿ ಪೆರುವಿನ ಅಧ್ಯಕ್ಷರಾದ ಅಲೆಹಾಂದ್ರೊ ತೊಲೆದೊ ಚುನಾವಣೆಯಲ್ಲಿ ಬಾವುಟದಂತೆ ಎತ್ತಿ ಹಿಡಿದರು. ಇತ್ತ ಅತ್ಲೆಟಿಕೊ ಮ್ಯಾಡ್ರಿಡ್ ತಂಡದ ತರಬೇತುದಾರ ದಿಯೆಗೊ ಸಿಮಿಯೋನೆಯವರನ್ನು ‘ಚೊಲೊ’ ಎಂದು ಅಭಿಮಾನಿಗಳು ಕೂಗುವಾಗ ನಾಯಿಯೂ ಇಲ್ಲ, ಇಂಕಾ ಕುಲವೂ ಇಲ್ಲ.

ನಾನಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ ಪೆರುವಿನ ರಾಜಧಾನಿ ಲಿಮಾದ ಒಂದು ಶ್ರೀಮಂತ ಕುಟುಂಬವಿತ್ತು. ಅವರ ಮನೆಗೆಲಸಕ್ಕೆ ಬರುತ್ತಿದ್ದ, ಪೆರುವಿನ ಬೆಟ್ಟದ ಸೀಮೆಯವರಾದ ಹೆಂಗಸನ್ನು ಮನೆಯೊಡತಿ ‘ಚೊಲಿತಾ’ ಎಂದೇ ಕರೆಯುತ್ತಿದ್ದರು, ಜೇನು ಸುರಿಯುವ ದನಿಯಲ್ಲಿ. ಬೇರೆ ದಿನಗಳಲ್ಲಿ ಅದೇ ಹೆಂಗಸು ನಮ್ಮ ಮನೆಗೂ ಬರಲು ಒಪ್ಪಿದಾಗ, ನಾನು ಏನೆಂದು ಕರೆಯಲಿ ಎಂದು ಮೊದಲ ದಿನವೇ ಕೇಳಿದೆ. ಅವರು ನೆಲ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದರು. “ಚೊಲಿತಾ ಎಂದು ನಮ್ಮಮ್ಮ ಕರೆಯುತ್ತಿದ್ದಳು,” ಎಂದರು. ಬಟ್ಟೆಯ ನೀರು ಪೂರ್ತಿ ಇಳಿಯುವವರೆಗೆ ಸುಮ್ಮನಿದ್ದು, “ನೀವು ಸೆನ್ಯೋರಾ ಎನ್ನಿ,” ಎಂದರು. ಎಂಟು ತಿಂಗಳು ಕಳೆದ ಮೇಲೆ, ನಾನು ಮಾಡಿದ ಸಾರು ಖಾರವಾಗಿ ಕೆಮ್ಮು ಹತ್ತಿದ ಒಂದು ಮಧ್ಯಾಹ್ನ, ಅವರು ನನಗೆ ಹೇಳುತ್ತಿದ್ದ ಉಸ್ತೆದ್ ತಪ್ಪಿ ‘ತೂ’, ಅಂದರೆ ‘ನೀನು’, ಆಯಿತು, ಆಮೇಲೆ ಹಾಗೆಯೇ ಉಳಿಯಿತು. ನಾನು ಮಾತ್ರ ಆ ದೇಶ ಬಿಡುವವರೆಗೂ ಉಸ್ತೆದ್, ಸೆನ್ಯೋರಾ ಎಂದೇ ಇದ್ದೆ. ಬದಲಿಸಿ ಎಂದು ಅವರೂ ಹೇಳಲಿಲ್ಲ.